ಮೂರನೇ ಮಗ್ಗದ ಲ್ಯಾಟಿನ್ ತಾಳ

ಐವತ್ತು ದಾಟಿದ ಗಂಡಸಿಗೆ ಯಾವುದಾದರೂ ಒಂದು ಹುಚ್ಚು ಇರಲೇಬೇಕು ಅನ್ನುವುದು ನನ್ನ ನಂಬಿಕೆ. ಇಲ್ಲದಿದ್ದರೆ ಅವನು ಅಡಿಗೆಮನೆಯಲ್ಲಿ ನಿಂತು ಜೋಳದ ಡಬ್ಬಿ ಇಲ್ಲೇಕಿದೆ, ಎಣ್ಣೆ ಇಷ್ಟೇಕೆ ಖರ್ಚಾಯಿತು ಎಂದು ವಿಚಾರಣೆ ಶುರುಮಾಡುತ್ತಾನೆ. ನಮ್ಮ ಬನಹಟ್ಟಿಯ ಓಣಿಯಲ್ಲೇ ನೋಡಿ. ಒಬ್ಬರು ಮುಧೋಳ ನಾಯಿ ಸಾಕಿದ್ದಾರೆ, ಅದರ ವಂಶಾವಳಿ ಅವರಿಗೆ ಬಾಯಿಪಾಠ, ಸ್ವಂತ ಮುತ್ತಜ್ಜನ ಹೆಸರು ಕೇಳಿದರೆ ಮಾತ್ರ ತಡವರಿಸುತ್ತಾರೆ. ಇನ್ನೊಬ್ಬರು ಯಾರು ಸೀನಿದರೂ ಬಿಳಿ ಗುಳಿಗೆ ಹಂಚುತ್ತಾರೆ. ನನಗಿರುವುದು ಕ್ಲಾರಿನೆಟ್. ಓಣಿಯವರ ಭಾಷೆಯಲ್ಲಿ ಅದು ಪೀಪಿ. ಸಂಸ್ಥಾನದ ಕಾಲದಲ್ಲಿ ಬ್ಯಾಂಡಿನಲ್ಲಿದ್ದ ನಮ್ಮಜ್ಜ ಬಿಟ್ಟುಹೋದ ಆಸ್ತಿ ಅದು. ನನ್ನ ತಮ್ಮನಿಗೆ ಹೊಲ ಬಂತು, ನನಗೆ ಪೀಪಿ ಬಂತು. ಪಾಲು ಮಾಡಿದ ಹಿರಿಯರು ನನ್ನ ಮುಖ ನೋಡಿಯೇ ಮಾಡಿದ್ದರು ಅಂತ ಕಾಣುತ್ತದೆ.

ಹುಚ್ಚಿನ ಮಾತು ಹಾಗಿರಲಿ, ಈಗ ಒಂದು ದುಃಖದ ಸಂಗತಿ ಹೇಳಿಕೊಳ್ಳುತ್ತೇನೆ, ಯಾರಿಗೂ ಹೇಳಬೇಡಿ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನನ್ನ ಹೆಂಡತಿ ಮಹಾದೇವಿ ನಾನು ಊದಿದ ಒಂದೇ ಒಂದು ಹಾಡನ್ನು ಕಡೆಯತನಕ ಕೂತು ಕೇಳಿದವಳಲ್ಲ. ಊದಲು ಶುರುಮಾಡುವಾಗ ಎದುರಿಗೇ ಇರುತ್ತಾಳೆ. ಕಣ್ಣು ಮುಚ್ಚಿ ನಾಲ್ಕು ಸ್ವರ ಊದಿ ತೆರೆಯುವಷ್ಟರಲ್ಲಿ ಜಾಗ ಖಾಲಿ. ಜಗಳವಿಲ್ಲ, ಟೀಕೆಯಿಲ್ಲ, ಸುಮ್ಮನೆ ಎದ್ದು ಹೋಗಿರುತ್ತಾಳೆ. ಬೈದಿದ್ದರೆ ಎಷ್ಟೋ ಛಲೋ ಇತ್ತು. ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಪ್ರಮೇಯ ಮುಗಿಯುವ ಮುಂಚೆ ಮಕ್ಕಳ ಕಣ್ಣು ಮುಚ್ಚಿಕೊಳ್ಳುವುದನ್ನು ಮೂವತ್ತು ವರ್ಷ ನೋಡಿದ್ದೇನೆ. ಅದಕ್ಕೆ ನನಗೆ ಬೇಜಾರಿಲ್ಲ, ಅದಕ್ಕೆ ಸಂಬಳ ಕೊಡುತ್ತಾರೆ. ಆದರೆ ಮನೆಯಲ್ಲಿ, ಕಟ್ಟಿಕೊಂಡ ಹೆಂಡತಿ ಎದುರು ಒಂದು ಹಾಡು ಪೂರ್ತಿ ಊದಿ ಅವಳು ಹೂಂ ಅನ್ನಬೇಕು ಎಂಬುದು ಬಹಳ ದೊಡ್ಡ ಆಸೆ ಅಂತ ನನಗೇನೂ ಅನ್ನಿಸುತ್ತಿರಲಿಲ್ಲ.

ತಪ್ಪು ಹಾಡಿನದಿರಬೇಕು ಎಂದು ಮೊದಲು ಅಂದುಕೊಂಡೆ. ವಚನ ಊದಿದೆ, ಎದ್ದು ಹೋದಳು. ನಾಟಕದ ಪದ ಊದಿದೆ, ಎದ್ದು ಹೋದಳು. ಆಗ ಫೋನಿನಲ್ಲಿ ಜಾಝ್ ಸಿಕ್ಕಿತು. ಅಮೆರಿಕದ ಹಳೇ ಹಾಡುಗಳು, ಒಬ್ಬೊಬ್ಬ ಊದುವವನು ಒಂದೊಂದು ತರಹ ತಿರುವುತ್ತಾನೆ, ಆದರೂ ಹಾಡು ಅದೇ. ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ಹೋಗಿಬರುವಾಗ ಕಿವಿಗೆ ಸಿಗಿಸಿಕೊಂಡು ಕೇಳಿ ಕೇಳಿ, ಅದರಲ್ಲಿ ಒಂದು ಹಾಡನ್ನು ಹಿಡಿದುಬಿಟ್ಟೆ. ಅದರ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ಕೇಳುತ್ತೀರಿ, ಕೇಳಿದರೆ ನಾನು ಅದಕ್ಕೆ ಏನು ಗತಿ ಕಾಣಿಸಿದೆನೆಂದು ತಿಳಿದುಹೋಗುತ್ತದೆ. ಪ್ರೀತಿಸಿದವಳು ಬಿಟ್ಟುಹೋದ ಮೇಲೆ ಒಬ್ಬ ಗಂಡಸು ಒಂಟಿಯಾಗಿ ಹಾಡಿಕೊಳ್ಳುವ ಹಾಡು ಅಂತಷ್ಟೇ ಇಟ್ಟುಕೊಳ್ಳಿ. ಹೆಂಡತಿ ಎದ್ದುಹೋದ ಮೇಲೆ ಊದಲು ಇದಕ್ಕಿಂತ ಒಳ್ಳೆಯದು ಇನ್ನಾವುದಿದೆ.

ಜಾಝ್‌ಗೆ ಒಂದು ತೂಗಾಟದ ನಡಿಗೆ ಇರುತ್ತದೆ, ಹೊಟ್ಟೆತುಂಬ ಉಂಡವನು ಎಲಿ ಅಡಿಕಿ ತರಲು ಅಂಗಡಿಗೆ ಹೊರಟ ಹಾಗೆ. ಅದನ್ನು ಬಾರಿಸಲು ನನಗೆ ಸಿಕ್ಕವನು ಈರಪ್ಪ. ಈರಪ್ಪ ನಮ್ಮ ಮನೆಯ ನಾಲ್ಕು ಪವರ್‌ಲೂಮ್ ಮಗ್ಗಗಳನ್ನೂ ಓಣಿಯ ಇನ್ನೂ ನಲವತ್ತನ್ನೂ ರಿಪೇರಿ ಮಾಡುವ ಜಾಬರ್. ಸೋಮವಾರ ಸಂಜೆ ಭಜನೆಯಲ್ಲಿ ಢೋಲಕಿ ಬಾರಿಸುತ್ತಾನೆ. ಬಹಳ ಒಳ್ಳೆಯ ಕೈ, ಆದರೆ ಭಜನೆಯ ಕೈ. ಅವನ ಢೋಲಕಿ ಕೆಳಗೆ ಸಿಕ್ಕಿದ ಮೇಲೆ ಆ ಅಮೆರಿಕದ ಹಾಡು ಏನು ಮಾಡೀತು, ಪಾಪ, ಭಕ್ತಿಗೆ ಬಿದ್ದಿತು. ಒಂದು ಸಲ ಪರಿಚಯದವರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮಕ್ಕೆ ಊದಿದಾಗ ನಾನು ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಅಷ್ಟಕ್ಕೇ ಮುಂದಿನ ಸಾಲಿನ ಮುದುಕಿಯೊಬ್ಬಳು ಕೈಮುಗಿದು, ಮಂಗಳಾರತಿ ಯಾವಾಗ ಅಂತ ಕೇಳಿದಳು. ಪ್ರೇಯಸಿ ಬಿಟ್ಟುಹೋದ ದುಃಖಕ್ಕೆ ಮಂಗಳಾರತಿ ಎತ್ತುವುದು ನಮ್ಮ ಕಡೆ ಇನ್ನೂ ಶುರುವಾಗಿಲ್ಲ.

ಹೀಗೆ ಕಂಗೆಟ್ಟಿದ್ದಾಗ ಫೋನಿನಲ್ಲಿ ಟೋಪಿ ಹಾಕಿಕೊಂಡ ಒಬ್ಬ ಬೋಳುತಲೆಯವನು ಕಾಣಿಸಿಕೊಂಡ. ಹಳೇ ಜಾಝ್ ಹಾಡನ್ನು ಮುಟ್ಟಬೇಡಿ, ಅದರ ಕೆಳಗಿನ ತಾಳವನ್ನಷ್ಟೇ ಬದಲಿಸಿ, ಲ್ಯಾಟಿನ್ ಅಮೆರಿಕದ ತಾಳ ಹಾಕಿ, ಹಾಡು ಹೊಸದಾಗಿ ಎದ್ದು ಕೂಡುತ್ತದೆ ಎಂದು ಅವನು ಪಾಠ ಹೇಳಿದ. ಸೀರೆಯ ಸೆರಗು ಅದೇ ಇಟ್ಟು ಒಡಲಿನ ಬಣ್ಣ ಬದಲಿಸಿದ ಹಾಗೆ ಎಂದು ನನಗೆ ತಕ್ಷಣ ತಿಳಿಯಿತು, ನೇಕಾರರ ಮನೆಯಲ್ಲಿ ಹುಟ್ಟಿದ್ದಕ್ಕೆ ಅಷ್ಟಾದರೂ ಬುದ್ಧಿ ಇದೆ. ಕ್ಯೂಬಾದವರ ತಾಳವಂತೆ. ಕ್ಯೂಬಾ ಎಂದರೆ ಕಬ್ಬಿನ ದೇಶ ಎಂದು ನಮ್ಮ ಶಾಲೆಯ ಸಮಾಜವಿಜ್ಞಾನದ ಮಾಸ್ತರು ಹೇಳಿದ್ದು ನೆನಪಾಯಿತು. ಸುತ್ತ ನೋಡಿದರೆ ಮುಧೋಳ, ಬೀಳಗಿ, ಬಾಡಗಂಡಿ, ಎಲ್ಲಿ ಕಣ್ಣು ಹಾಯಿಸಿದರೂ ಕಬ್ಬು. ಕಬ್ಬಿನ ನಾಡಿನ ತಾಳ ಕಬ್ಬಿನ ನಾಡಿಗೆ ಒಗ್ಗದೆ ಇರುತ್ತದೆಯೇ ಎಂದು ಲೆಕ್ಕ ಹಾಕಿದೆ. ಗಣಿತದವರು ತಪ್ಪುವುದು ಹೀಗೆಯೇ, ಪ್ರತಿ ಮೆಟ್ಟಿಲೂ ಸರಿಯಿರುತ್ತದೆ, ಮೇಲೆ ಹತ್ತಿ ನೋಡಿದರೆ ಬೇರೆಯವರ ಮಾಳಿಗೆ.

ಆ ತಾಳದ ಜೀವಾಳ ಎರಡು ಕಟ್ಟಿಗೆ ತುಂಡು. ಒಂದಕ್ಕೊಂದು ಬಡಿಯಬೇಕು, ಅಷ್ಟೇ. ಹದಿನಾರು ಎಣಿಕೆಯಲ್ಲಿ ಐದೇ ಏಟು. ಒಂದು, ನಾಲ್ಕು, ಏಳು, ಹನ್ನೊಂದು, ಹದಿಮೂರು. ಉಳಿದಲ್ಲಿ ಸುಮ್ಮನಿರಬೇಕು. ಈ ಅಂಕಿಗಳನ್ನು ಹತ್ತನೇ ಇಯತ್ತೆಯ ಬೋರ್ಡಿನ ಮೇಲೆ ಬರೆದು ಇದು ಯಾವ ಶ್ರೇಢಿ ಎಂದು ಕೇಳಿದೆ. ಏಳರ ನಂತರ ಹತ್ತು ಬರಬೇಕು ಸರ್, ನೀವು ತಪ್ಪು ಬರೆದೀರಿ ಎಂದು ಇಡೀ ವರ್ಗ ಒಕ್ಕೊರಲಿನಿಂದ ಹೇಳಿತು. ವರ್ಷಗಟ್ಟಲೆ ಬಡಿದು ಕಲಿಸಿದ ಪಾಠ ಅವರಿಗೆ ತಲೆಗೆ ಹತ್ತಿದೆ ಎಂದು ಅಂದೇ ಗೊತ್ತಾಯಿತು. ಸಂತೋಷಪಡುವ ಸ್ಥಿತಿಯಲ್ಲಿ ಮಾತ್ರ ನಾನಿರಲಿಲ್ಲ.

ಕಟ್ಟಿಗೆ ತುಂಡಿಗೆ ಎಲ್ಲಿ ಹೋಗುವುದು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿ ಇದೆಯಲ್ಲ, ಗಟ್ಟಿ ಕಟ್ಟಿಗೆಯದು, ಸವೆದು ಮೂಲೆಗೆ ಬಿದ್ದ ಎರಡು ಲಾಳಿ ತೆಗೆದು ಬಡಿದು ನೋಡಿದೆ. ಟಕ್ ಎಂದಿತು. ಫೋನಿನವನ ಕಟ್ಟಿಗೆಗಿಂತ ಒಂದು ಗುಂಜಿ ಮೇಲೆಯೇ. ಆ ತಿಂಗಳ ಅಮಾಸಿಯ ಮಧ್ಯಾಹ್ನ ಈರಪ್ಪನನ್ನು ಕರೆದು ಮಗ್ಗದ ಶೆಡ್ಡಿನಲ್ಲಿ ಕೂಡಿಸಿ, ಕೈಗೆ ಲಾಳಿ ಕೊಟ್ಟೆ. ಅಮಾಸಿಯೆಂದರೆ ನಮ್ಮ ಕಡೆ ಮಗ್ಗಕ್ಕೆ ಸೂಟಿ. ಮಗ್ಗ ಒರೆಸಿ, ಎಣ್ಣೆ ಬಿಟ್ಟು, ಪೂಜೆ ಮಾಡಿ ಸುಮ್ಮನಿಡುತ್ತಾರೆ. ದಿನವೂ ಖಟಖಟ ಅನ್ನುವ ಊರು ಅಂದು ಎಷ್ಟು ಸುಮ್ಮನಿರುತ್ತದೆಯೆಂದರೆ ಪಕ್ಕದ ಮನೆಯವರು ರೊಟ್ಟಿ ತಟ್ಟುವುದೂ ಕೇಳುತ್ತದೆ. ತಾಲೀಮಿಗೆ ಇದಕ್ಕಿಂತ ಪ್ರಶಸ್ತ ದಿನ ಇಲ್ಲವೆಂದು ನಾನೇ ಆರಿಸಿದ್ದೆ.

ಈರಪ್ಪ ಲಾಳಿ ಬಡಿಯತೊಡಗಿ ಹತ್ತು ನಿಮಿಷವಾಗಿರಲಿಲ್ಲ, ಬಾಗಿಲಲ್ಲಿ ಓಣಿಗೆ ಓಣಿಯೇ ಬಂದು ನಿಂತಿತು. ಮುಂದೆ ನಮ್ಮ ನೇಕಾರರ ಸಂಘದ ಹಿರಿಯರಾದ ಚನ್ನಬಸಪ್ಪ ಕಾಕಾ. ಎಂಬತ್ತರ ಹತ್ತಿರದ ವಯಸ್ಸು, ಕಿವಿ ಮಂದ, ಆದರೆ ಮಗ್ಗದ ಸಪ್ಪಳ ಮಾತ್ರ ಮೂರು ಓಣಿ ಆಚೆಯಿಂದ ಕೇಳುತ್ತದೆ. ಕಾಕಾ ಒಳಗೆ ಬಂದು ನಾಲ್ಕೂ ಮಗ್ಗದ ಮೇಲೆ ಕೈಯಿಟ್ಟು ಬಿಸಿ ಇದೆಯೇ ಎಂದು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಾಸ್ತರ, ಅಮಾಸಿ ದಿನ ಮಗ್ಗ ಹಚ್ಚೀರಿ ಅನ್ನೂದು ಒಂದು ಮಾತು. ಅದೂ ಕೆಟ್ಟ ಮಗ್ಗ ಹಚ್ಚೀರಲ್ಲ. ಮೂರ ಏಟ ಹೊಡದು ನಿಂತು, ಮತ್ತ ಎರಡ ಹೊಡೀತೈತಿ. ನೇದ ಅರಿವಿ ಏನ ಆದೀತು?"

ಮಗ್ಗ ಅಲ್ಲ ಕಾಕಾ, ಇದು ಕ್ಯೂಬಾದ ಸಂಗೀತ ಎಂದು ವಿವರಿಸಿದೆ. ಕ್ಯೂಬಾದಲ್ಲಿ ಜಾಬರ್ ಇಲ್ಲವೇನು ಎಂದು ಅವರು ಕೇಳಿದರು. ನಾನು ನಾಚಿಕೆ ಬಿಟ್ಟು ಅಲ್ಲೇ ಸ್ವಲ್ಪ ಊದಿ ತೋರಿಸಿದೆ. ಕಾಕಾ ಗಂಭೀರವಾಗಿ ಕೇಳಿ, ಏನೋ ಒಂದು ಐತಿ ಅಂದರು. ಏನೋ ಒಂದು ಇದೆ ಅನ್ನುವುದು ನಮ್ಮ ಓಣಿಯಲ್ಲಿ ಸಣ್ಣ ಹೊಗಳಿಕೆಯಲ್ಲ. ಸಂಘದ ಹೊಸ ಸಭಾಗೃಹ ಮುಂದಿನ ಅಮಾಸಿಗೆ ಶುರುವಾಗುವುದಿತ್ತು, ಎಲ್ಲರಿಗೂ ಸೂಟಿ ಇರುತ್ತದೆಂದು. ಭಾಷಣಗಳ ನಡುವೆ ನಿಮ್ಮದೂ ಒಂದು ಇರಲಿ ಎಂದುಬಿಟ್ಟರು. ನನ್ನ ಎದೆ ಹಿಗ್ಗಿದ್ದು ಕಾಕಾನ ಮಾತಿಗಲ್ಲ. ಸಭೆಯಲ್ಲಿ ಮಹಾದೇವಿ ಮುಂದಿನ ಸಾಲಿನಲ್ಲಿ ಕೂಡಬೇಕಾಗುತ್ತದೆ, ನಾಲ್ಕು ಮಂದಿಯ ಎದುರು ಗಂಡ ಊದುವಾಗ ನಡುವೆ ಎದ್ದು ಹೋಗುವುದು ಯಾವ ಹೆಣ್ಣುಮಗಳಿಗೂ ಸಾಧ್ಯವಿಲ್ಲ. ಇಪ್ಪತ್ತಾರು ವರ್ಷದ ಬಾಕಿ ಆಸೆ ಒಂದೇ ಮಧ್ಯಾಹ್ನದಲ್ಲಿ ತೀರುವುದಿತ್ತು.

ಆದರೆ ಈರಪ್ಪನ ಕೈ ಕೂಡಲೊಲ್ಲದು. ಮೂರು ಏಟು ಸರಿಯಾಗಿ ಹೊಡೆಯುತ್ತಿದ್ದ, ಖಾಲಿ ಜಾಗ ಬಂದ ಕೂಡಲೇ ಅಲ್ಲೊಂದು ಏಟು ತುಂಬಿಬಿಡುತ್ತಿದ್ದ. ಅಲ್ಲಿ ಸುಮ್ಮನಿರು ಮಾರಾಯ ಎಂದರೆ ಹೂಂ ಎನ್ನುತ್ತಿದ್ದ, ಮತ್ತೆ ತುಂಬುತ್ತಿದ್ದ. ಒಂದು ವಾರ ಹೀಗೆ ನಡೆದ ಮೇಲೆ ಲಾಳಿಯನ್ನು ಕೆಳಗಿಟ್ಟು, "ಮಾಸ್ತರ, ಇಪ್ಪತ್ತೈದ ವರ್ಷ ಆತು, ಮಗ್ಗ ಏಟ ತಪ್ಪಿದರ ಸರಿ ಮಾಡೂದ ನನ್ನ ಉದ್ಯೋಗ. ನೀವು ಬೇಕಂತ ತಪ್ಪಸು ಅಂತೀರಿ. ನನ್ನ ಕೈ ಕೇಳಂಗಿಲ್ರಿ" ಅಂದ. ಅವನ ಕಣ್ಣಲ್ಲಿ ನೀರಿತ್ತೋ ಎಣ್ಣೆಯಿತ್ತೋ ಗೊತ್ತಾಗಲಿಲ್ಲ. ನಾನೇ ಬಡಿಯೋಣವೆಂದರೆ ಎರಡೂ ಕೈಯಲ್ಲಿ ಪೀಪಿ.

ಮಹಾದೇವಿ ಆಗ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಮ್ಮ ಮನೆಯಲ್ಲಿ ಮಗ್ಗ ನಡೆಸುವವಳು ಅವಳೇ. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವನು, ಅವಳು ಮಗ್ಗ ಬಲ್ಲವಳು, ಎರಡಕ್ಕೂ ಬಹಳ ಅಂತರವಿದೆ. ಸುತ್ತುವುದನ್ನು ನಿಲ್ಲಿಸಿ ಬಂದು, ಲಾಳಿ ಕೈಗೆತ್ತಿಕೊಂಡು, ನನ್ನ ಮುಖವನ್ನೂ ನೋಡದೆ ಬಡಿದಳು. ಒಂದು, ನಾಲ್ಕು, ಏಳು, ಹನ್ನೊಂದು, ಹದಿಮೂರು. ಮತ್ತೆ ಅದೇ. ಮತ್ತೆ ಅದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಬಾಯಿ ಬಿಟ್ಟುಕೊಂಡು ನಿನಗಿದು ಹೇಗೆ ಬಂತು ಎಂದೆ. ಇದರಲ್ಲಿ ಬರುವುದೇನಿದೆ, ಮೂರನೇ ಮಗ್ಗದ ಗಾಲಿಯ ಹಲ್ಲು ಸವೆದಾಗಿನಿಂದ ಅದು ಹೀಗೇ ಹೊಡೆಯುತ್ತದೆ ಅಂದಳು. ಈರಪ್ಪ ತಲೆ ತಗ್ಗಿಸಿದ, ಅದನ್ನು ರಿಪೇರಿ ಮಾಡಬೇಕಾದವನು ಅವನೇ.

ಅಂತೂ ವಾದ್ಯವೃಂದ ನಿಂತಿತು. ಪೀಪಿಗೆ ನಾನು, ಢೋಲಕಿಗೆ ಈರಪ್ಪ, ಲಾಳಿಗೆ ಮಹಾದೇವಿ. ಅವಳು ಎದುರಿಗೆ ಕೂತು ಕೇಳಬೇಕು ಎಂಬ ನನ್ನ ಯೋಜನೆ ಕೆಟ್ಟಿತು ನಿಜ. ಆದರೆ ಪಕ್ಕದಲ್ಲೇ ಕೂತು ಬಡಿಯುವವಳು ಕೇಳದೆ ಎಲ್ಲಿಗೆ ಹೋದಾಳು ಎಂದು ಸಮಾಧಾನ ಮಾಡಿಕೊಂಡೆ. ತಾಲೀಮು ಜೋರಾಗಿ ನಡೆಯಿತು. ನಾನು ಮಾಸ್ತರ, ತಪ್ಪು ಕಂಡರೆ ಮುಂದೆ ಹೋಗುವ ಜಾತಿಯಲ್ಲ. ಒಂದು ಸ್ವರ ಜಾರಿದರೂ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತಿದ್ದೆ. ಸಭೆಯ ಹಿಂದಿನ ದಿನದ ಹೊತ್ತಿಗೆ ಹಾಡಿನ ಮುಂಭಾಗ ಎಷ್ಟು ಪಳಗಿತ್ತೆಂದರೆ ಓಣಿಯ ಮುಧೋಳ ನಾಯಿಯೂ ಅದಕ್ಕೆ ಕಿವಿ ನಿಗುರಿಸುವುದನ್ನು ಬಿಟ್ಟಿತ್ತು.

ಅಮಾಸಿ ಬಂತು. ಸಭಾಗೃಹ ತುಂಬಿತ್ತು, ಮುಂದಿನ ಸಾಲಿನಲ್ಲಿ ಕಾಕಾ. ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತು, ಇದು ಅಮೆರಿಕದ ಹಳೇ ಹಾಡು, ಇದಕ್ಕೆ ಲ್ಯಾಟಿನ್ ತಾಳ ಹಾಕಿ ಹೊಸ ರೂಪ ಕೊಟ್ಟಿದ್ದೇವೆ ಎಂದು ಐದು ನಿಮಿಷ ಮಾತನಾಡಿದೆ, ಕಬ್ಬಿನ ಸಿದ್ಧಾಂತವನ್ನೂ ಬಿಡಲಿಲ್ಲ. ಮಹಾದೇವಿ ಲಾಳಿ ಬಡಿಯಲು ಶುರುಮಾಡಿದಳು. ಅಷ್ಟಕ್ಕೇ ನಾನು ಎಣಿಸದ ಒಂದು ಸಂಗತಿ ನಡೆಯಿತು. ಮೂರು ಏಟಾಗಿ ಖಾಲಿ ಜಾಗ ಬಂದಾಗಲೆಲ್ಲ ಸಭೆಯಲ್ಲಿ ಹತ್ತಿಪ್ಪತ್ತು ಮಂದಿ ಕುರ್ಚಿಯಿಂದ ಅರ್ಧ ಎದ್ದು ಕೂಡುತ್ತಿದ್ದರು. ಹುಟ್ಟಿದಾಗಿನಿಂದ ಮಗ್ಗ ನಿಂತ ಕೂಡಲೇ ನೂಲಿನ ಎಳಿ ಹರಿಯಿತೆಂದು ಎದ್ದು ಓಡಿದ ಜೀವಗಳು, ಅವರ ತಪ್ಪೇನಿದೆ. ಏಟು ಬಿದ್ದರೆ ಕೂಡುವುದು, ನಿಂತರೆ ಏಳುವುದು, ಇಡೀ ಸಭೆಯೇ ತಾಳಕ್ಕೆ ಸರಿಯಾಗಿ ಕುಣಿದ ಹಾಗಾಯಿತು. ಫೋನಿನ ಬೋಳುತಲೆಯವನು ನೋಡಿದ್ದರೆ ಟೋಪಿ ತೆಗೆಯುತ್ತಿದ್ದ.

ಅದನ್ನು ನೋಡುತ್ತಲೇ ನನಗೆ ಇನ್ನೊಂದು ಹೊಳೆಯಿತು, ಊದುತ್ತ ಊದುತ್ತಲೇ. ಇಷ್ಟು ವರ್ಷ ಮಹಾದೇವಿ ಎದ್ದು ಹೋಗುತ್ತಿದ್ದದ್ದೂ ಹೀಗೆಯೇ ಅಲ್ಲವೇ. ನನ್ನ ಪೀಪಿಯ ಕೆಳಗೆ ಅವಳಿಗೆ ಶೆಡ್ಡಿನ ನಾಲ್ಕು ಮಗ್ಗ ಕೇಳಿಸುತ್ತಿದ್ದವು, ಯಾವುದೋ ಒಂದು ನಿಂತರೆ ಎದ್ದು ಹೋಗುತ್ತಿದ್ದಳು. ಪೀಪಿಯ ಮೇಲೆ ಸಿಟ್ಟಿಲ್ಲ, ನನ್ನ ಮೇಲೂ ಸಿಟ್ಟಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಸಂತೋಷದಲ್ಲಿ ಎಣಿಕೆ ತಪ್ಪಿತು. ಹನ್ನೊಂದರಲ್ಲಿ ಬರಬೇಕಾದ ಸ್ವರ ಹತ್ತರಲ್ಲಿ ಬಂತು. ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ಸರಿ ಎನ್ನುತ್ತಿದ್ದರು.

ಅಭ್ಯಾಸಬಲದಿಂದ ಕೈ ಎತ್ತಿದೆ. ಮೊದಲಿನಿಂದ ಎಂದು ಸನ್ನೆ ಮಾಡಿದೆ. ಮಹಾದೇವಿ ನೋಡಲಿಲ್ಲ. ಈರಪ್ಪ ನೋಡಿದ, ಆಮೇಲೆ ಅವಳನ್ನು ನೋಡಿದ, ಯಾರ ಮಾತು ಕೇಳಬೇಕೆಂದು ಲೆಕ್ಕ ಹಾಕಿ ಬಾರಿಸುತ್ತಲೇ ಹೋದ. ನಾನು ನುಗ್ಗಬೇಕೆಂದು ನಾಲ್ಕು ಸಲ ಬಾಯಿಗೆ ಪೀಪಿ ಇಟ್ಟೆ, ಚಕ್ರ ತಿರುಗುತ್ತಿರುವ ಬಾವಿಯ ಹಗ್ಗ ಹಿಡಿಯಲು ಹೋದ ಹಾಗೆ ನಾಲ್ಕು ಸಲವೂ ಕೈಜಾರಿತು. ಆಮೇಲೆ ಪೀಪಿ ಎದೆಗವಚಿಕೊಂಡು ಸುಮ್ಮನೆ ನಿಂತುಬಿಟ್ಟೆ. ಅವರಿಬ್ಬರೂ ಲಾಳಿ, ಢೋಲಕಿ ಎಂದು ಎಷ್ಟೋ ಹೊತ್ತು ಬಾರಿಸಿ, ಈರಪ್ಪ ಭಜನೆಯಲ್ಲಿ ಮುಗಿಸುವ ಹಾಗೆ ಮೂರು ಸಲ ತಿರುವಿ ಧಡ್ ಎಂದು ನಿಲ್ಲಿಸಿದ. ಚಪ್ಪಾಳೆಗೆ ಹೊಸ ಛಾವಣಿ ಅದುರಿತು. ಕಾಕಾ ನನ್ನ ಹತ್ತಿರ ಬಂದು ಭುಜ ತಟ್ಟಿ, "ಭಾಳ ಛಲೋ ಆತು ಮಾಸ್ತರ, ನೀವು ನಡುವ ನಿಲ್ಲಿಸಿದ ಮ್ಯಾಲಂತೂ ಇನ್ನೂ ಛಲೋ ಆತು" ಅಂದರು. ಅವರು ಖರೆ ಹೊಗಳುತ್ತಿದ್ದರು, ಅದೇ ನನಗೆ ಸಂಕಟ.

ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ. ಊದುವುದು ಅದೊಂದಾದರೂ ನನಗೆ ಚೆನ್ನಾಗಿ ಬರುತ್ತದೆ. ಮಹಾದೇವಿ ಚಹಾ ತಂದಿಟ್ಟಳು. ನನಗೆ ತಡೆಯಲಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನೀನು ನನ್ನ ಒಂದು ಹಾಡನ್ನೂ ಪೂರ್ತಿ ಕೇಳಲಿಲ್ಲ, ಇವತ್ತಾದರೂ ನಾನು ಕೈ ಎತ್ತಿದಾಗ ನಿಲ್ಲಿಸಿದ್ದರೆ ಮೊದಲಿನಿಂದ ಶುರುಮಾಡಿ ಪೂರ್ತಿ ಕೇಳಿಸುತ್ತಿದ್ದೆ ಎಂದೆ. ಅವಳು ನನ್ನ ಎದುರಿಗೆ ಕೂತಳು.

"ರೀ, ಪೂರ್ತಿ ಕೇಳಾಕ ನೀವು ಯಾವತ್ತರೆ ಪೂರ್ತಿ ಊದೀರೇನು? ಒಂದ ಸ್ವರ ತಪ್ಪಿದರ ಮತ್ತ ಮೊದಲಿಂದ. ನಾ ಹೋಗಿ ಹರದ ಎಳಿ ಕೂಡಿಸಿ ಮಗ್ಗ ಹಚ್ಚಿ ಬಂದ್ರೂ ನೀವು ಅದ ಜಾಗಾದಾಗ ಇರತೀರಿ. ಎಳಿ ಹರದರ ಗಂಟ ಹಾಕಿ ಮುಂದ ನೇಯತೀವಿ. ಯಾರರೆ ಸೀರಿ ಬಿಚ್ಚಿ ಮೊದಲಿಂದ ನೇಯತಾರೇನು?"

ಹಾಗೇನಿಲ್ಲ, ಒಂದಾದರೂ ಪೂರ್ತಿ ಊದಿದ್ದೇನೆ ಎಂದು ನೆನಪು ಮಾಡಿಕೊಳ್ಳಲು ಕೂತೆ. ಮದುವೆಯ ಹೊಸದರಲ್ಲಿ ಊದಿದ್ದು, ಮಗಳ ತೊಟ್ಟಿಲಿಗೆ ಊದಿದ್ದು, ತೇರದಾಳದ ಸಂಬಂಧಿಕರ ಮನೆಯಲ್ಲಿ ಊದಿದ್ದು, ಒಂದೊಂದಾಗಿ ತೆಗೆದು ನೋಡಿದೆ. ಎಲ್ಲದರದೂ ಮುಂಭಾಗ ಸ್ಪಷ್ಟವಾಗಿ ನೆನಪಿತ್ತು. ಚಹಾ ಆರಿತು.

ಅಂದಿನಿಂದ ಹಟಕ್ಕೆ ಬಿದ್ದೆ. ತಪ್ಪಿದರೆ ತಪ್ಪಿತು, ಗಂಟು ಹಾಕಿ ಮುಂದೆ ಹೋಗುವುದು. ಹೇಳಿದಷ್ಟು ಸುಲಭವಲ್ಲ, ತಪ್ಪು ಮಾಡಿ ತಿದ್ದದೆ ಮುಂದೆ ಹೋಗುವುದೆಂದರೆ ಗಣಿತದವನಿಗೆ ಚಪ್ಪಲಿಯಲ್ಲಿ ಹರಳು ಇಟ್ಟುಕೊಂಡು ನಡೆದ ಹಾಗೆ. ಎರಡು ತಿಂಗಳು ಹಿಡಿಯಿತು. ಈ ನಡುವೆ ಮೂರನೇ ಮಗ್ಗದ ಹಲ್ಲನ್ನು ಈರಪ್ಪ ಬದಲಿಸಿಕೊಟ್ಟ, ಕ್ಯೂಬಾ ನಮ್ಮ ಶೆಡ್ಡಿನಿಂದ ಹೋಯಿತು. ಮೊನ್ನೆ ಅಮಾಸಿಯ ದಿನ, ಮಗ್ಗಗಳೆಲ್ಲ ಸುಮ್ಮನಿದ್ದಾಗ, ಮಹಾದೇವಿಯನ್ನು ಕರೆದು ಎದುರಿಗೆ ಕೂಡಿಸಿದೆ. ಇವತ್ತು ಯಾವ ಮಗ್ಗವೂ ನಿಲ್ಲುವುದಿಲ್ಲ, ಕಡೆಯತನಕ ಕೂಡು ಎಂದೆ. ಆಯಿತು ಎಂದು ಲಾಳಿ ತಗೊಂಡಳು. ಕಣ್ಣು ಮುಚ್ಚದೆ ಊದಿದೆ. ಹದಿನೇಳು ಗಂಟು ಬಿದ್ದವು, ನಾನೇ ಎಣಿಸಿದ್ದೇನೆ, ಆದರೂ ನಿಲ್ಲಿಸಲಿಲ್ಲ. ಪ್ರೇಯಸಿ ಬಿಟ್ಟುಹೋದಳು, ಗಂಡಸು ದುಃಖಪಟ್ಟ, ದುಃಖ ಮುಗಿಯಿತು. ಕೊನೆಯ ಸ್ವರ ಹಿಡಿದು, ಉಸಿರು ಇರುವತನಕ ಎಳೆದು, ಬಿಟ್ಟೆ. ಅವಳು ಕೂತೇ ಇದ್ದಳು. ನನ್ನ ಕಣ್ಣು ಒದ್ದೆಯಾಗಿತ್ತು.

ಮಹಾದೇವಿ ಇನ್ನೂ ಸ್ವಲ್ಪ ಹೊತ್ತು ಲಾಳಿ ಬಡಿದಳು. ನಾನು ಊದುವುದಿಲ್ಲವೆಂದು ಖಾತ್ರಿಯಾದ ಮೇಲೆ ನಿಲ್ಲಿಸಿ, ಮುಗೀತೇನ್ರಿ ಎಂದು ಕೇಳಿದಳು. ಮುಗಿಯಿತು ಎಂದೆ. ಅವಳು ಗೋಡೆಯ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮೂರು ನಿಮಿಷವೂ ಆಗಿರಲಿಲ್ಲ.

"ಇಷ್ಟ ಸಣ್ಣದೇನ್ರಿ ಇದು?" ಅಂದಳು.